ಬೋಜಮ್ಮ ಆಂಟಿ ಹೇಳದೆ ಇಟ್ಟದ್ದು

ಅಮ್ಮತ್ತಿಯಿಂದ ಒಳಗೆ, ಕಾಫಿ ತೋಟದ ನಡುವೆ ಇರುವ ಹೋಂಸ್ಟೇ ಒಂದಕ್ಕೆ ಚಿದಾನಂದ ಮ್ಯಾನೇಜರ್. ಹಾಗಂತ ಅವನ ವಿಸಿಟಿಂಗ್ ಕಾರ್ಡು ಹೇಳುತ್ತದೆ. ಕಾರ್ಡು ಹೇಳದೆ ಬಿಟ್ಟದ್ದೇ ಹೆಚ್ಚು. ಗೀಸರ್ ಕೆಟ್ಟರೆ ತಟ್ಟಿ ಎಬ್ಬಿಸುವವನೂ ಅವನೇ, ಗೆಸ್ಟ್‌ಗಳ ಕಾಲಿಗೆ ಹತ್ತಿದ ಜಿಗಣೆಗೆ ಉಪ್ಪು ಹಾಕುವವನೂ ಅವನೇ, ತೋಟಕ್ಕೆ ಆನೆ ಇಳಿದಿದೆಯಂತೆ ಎಂದರೆ ಎಲ್ಲರಿಗಿಂತ ಮೊದಲು ಒಳಗೆ ಓಡಿ, ಚಿಲಕ ಹಾಕಿಕೊಂಡು, ಕಿಟಕಿಯಿಂದ ‘ಯಾರೂ ಹೆದರಬೇಡಿ’ ಎನ್ನುವವನೂ ಅವನೇ. ಶನಿವಾರಸಂತೆ ಕಡೆಯ ಲಿಂಗಾಯತರ ಹುಡುಗ. ಮೊಟ್ಟೆಯನ್ನೂ ಒಳಗೆ ತರದ ಮನೆ. ಹೊಟ್ಟೆಪಾಡು ಅವನನ್ನು ತಂದು ನಿಲ್ಲಿಸಿದ್ದು ಪಂದಿಕರಿಗೆ, ಹಂದಿಮಾಂಸದ ಅಡುಗೆಗೆ, ಹೆಸರಾದ ಅಡುಗೆಮನೆಯ ಬಾಗಿಲಲ್ಲಿ. ‘ಆ ಕಪ್ಪು ಬಣ್ಣ ಕಾಚಂಪುಳಿ ಹಣ್ಣಿನ ರಸದ್ದು ಸರ್, ಹುಳಿಯೂ ಅದರದ್ದೇ’ ಎಂದು ಅವನು ಗೆಸ್ಟ್‌ಗಳಿಗೆ ವರ್ಣಿಸುವುದನ್ನು ಕೇಳಿದರೆ ತೊಟ್ಟಿಲಿನಿಂದಲೇ ತಿಂದು ಬೆಳೆದವನು ಅನ್ನಬೇಕು. ಒಂದು ತುಂಡು ನಾಲಿಗೆಗೆ ಇಟ್ಟವನಲ್ಲ.

ಆ ಅಡುಗೆಮನೆ ಬೋಜಮ್ಮನದು. ಹೋಂಸ್ಟೇ ಮಾಲೀಕ ಮನು ಅವರದು ಎಂದು ಕಾಗದಪತ್ರದಲ್ಲಿ ಇದ್ದೀತು, ಒಲೆಯ ಮುಂದೆ ಆ ಕಾಗದ ನಡೆಯುವುದಿಲ್ಲ. ಅರವತ್ತರ ಹತ್ತಿರದ ಹೆಂಗಸು. ಕೂದಲಿಗೆ ಬಣ್ಣ ಹಚ್ಚಿದವರಲ್ಲ, ಮಾತಿಗೂ ಹಚ್ಚಿದವರಲ್ಲ. ಹುಟ್ಟಿದ್ದು ಮೂರ್ನಾಡಿನ ಪಕ್ಕದಲ್ಲಿ. ಗಂಡ ಎಸ್ಟೇಟಿನ ಜೀಪು ಓಡಿಸುತ್ತಿದ್ದವರು, ತೀರಿಕೊಂಡು ಬಹಳ ಕಾಲವಾಯಿತು. ಮಕ್ಕಳಾಗಲಿಲ್ಲ. ಕೊಡವರ ಮದುವೆಮನೆಗಳಲ್ಲಿ ನೂರಾರು ಜನಕ್ಕೆ ಬೇಯಿಸಿ ಬೇಯಿಸಿ ಅವರಿಗೆ ಒಂದು ಶಕ್ತಿ ಬಂದಿತ್ತು: ರುಚಿ ನೋಡುವುದೇ ಇಲ್ಲ, ಪಾತ್ರೆಯಿಂದೇಳುವ ಆವಿಗೆ ಮುಖ ಒಡ್ಡಿ ಉಪ್ಪು ಎಷ್ಟಿದೆ ಎಂದು ಹೇಳುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ದಿನ ಚಿದಾನಂದ ಮ್ಯಾನೇಜರಿಕೆ ತೋರಿಸಲು, ‘ಆಂಟಿ, ಕಿಚನ್ ಸ್ಟಾಕ್ ಒಂದ್ಸಲ ಚೆಕ್ ಮಾಡೋಣ’ ಎಂದಿದ್ದ. ಬೋಜಮ್ಮ ಅವನ ಕೈಗೆ ಒಂದು ಬುಟ್ಟಿ ಈರುಳ್ಳಿಯನ್ನೂ ಚಾಕುವನ್ನೂ ಕೊಟ್ಟು, ‘ಇಲ್ಲಿಂದ ಶುರು ಮಾಡು’ ಎಂದರು. ಅವತ್ತಿನಿಂದ ಇಬ್ಬರಿಗೂ ಹೊಂದಿತು.

ಹೊಂದಿಕೆಗೆ ಇನ್ನೊಂದು ಕಾರಣ, ಅವನ ಮೊದಲ ಕಕ್ಕಡ. ಜಡಿಮಳೆಯ ಆಟಿ ತಿಂಗಳಿಗೆ ಕೊಡವರು ಕಕ್ಕಡ ಎನ್ನುತ್ತಾರೆ. ಆ ತಿಂಗಳ ಹದಿನೆಂಟನೇ ದಿನ ಕಾಡಿನ ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಬಂದು ಕೂಡುತ್ತದೆಂದು ನಂಬಿಕೆ. ಸೊಪ್ಪು ಕುದಿಸಿದ ನೇರಳೆ ಬಣ್ಣದ ನೀರಿನಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಕಿ ಪಾಯಸ ಮಾಡುತ್ತಾರೆ. ಚಿದಾನಂದನ ಮನೆಯಲ್ಲಿ ಆ ಪದ್ಧತಿ ಇರಲಿಲ್ಲ. ಸಸ್ಯಾಹಾರ ಎಂಬ ಒಂದೇ ಸಂತೋಷಕ್ಕೆ ಅವನು ಬಟ್ಟಲ ಮೇಲೆ ಬಟ್ಟಲು ತಿಂದ. ಮರುದಿನ ಬೆಳಗ್ಗೆ ಮೂತ್ರ ಕೆಂಪಗೆ ಹೋಯಿತು. ಅಮ್ಮನಿಗೆ ಸುದ್ದಿಯನ್ನು ಮೆತ್ತಗೆ ಹೇಳುವುದು ಹೇಗೆಂದು ವಾಕ್ಯ ಜೋಡಿಸುತ್ತಾ ಬೈಕು ಹತ್ತಿ ಅಮ್ಮತ್ತಿಯ ಲ್ಯಾಬಿಗೆ ಹೋದ. ಲ್ಯಾಬಿನವನು ಬಾಟಲಿಯನ್ನು ನೋಡಿದ, ಇವನ ಮುಖವನ್ನು ನೋಡಿದ.

‘ನಿನ್ನೆ ಮದ್ದು ಪಾಯಸ ತಿಂದ್ರಾ ಸರ್?’

‘ಹೌದು, ಸ್ವಲ್ಪ.’

‘ಸ್ವಲ್ಪ ಅಲ್ಲ. ಇದು ಸೊಪ್ಪಿನ ಬಣ್ಣ, ಎಲ್ಲರಿಗೂ ಹೀಗೇ. ನಾಳೆ ನಾಡಿದ್ದು ಹೋಗ್ತದೆ, ಮನೆಗೆ ಹೋಗಿ.’

ಅವನು ವಾಪಸು ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಬಂದು ಅಡುಗೆಮನೆಯಲ್ಲಿ ಕೂತಿತ್ತು. ಬೋಜಮ್ಮ ಸೌಟು ಹಿಡಿದುಕೊಂಡೇ ಕೇಳಿದರು, ‘ಏನು ಮ್ಯಾನೇಜರೇ, ಬದುಕಿದ್ಯಾ?’ ಆ ವರ್ಷವಿಡೀ ಬಂದ ಗೆಸ್ಟ್‌ಗಳಿಗೆಲ್ಲ ಈ ಕಥೆ ಪಂದಿಕರಿಯ ಜೊತೆ ನೆಂಚಿಕೊಳ್ಳಲು ಸಿಕ್ಕಿತು.

ಹಾಗಾಗಿ ಮುಂದಿನ ವರ್ಷ ಕಕ್ಕಡ ಕಳೆದು, ಗಣೇಶನ ಹಬ್ಬವೂ ಕಳೆದು, ಫ್ರಿಜ್ಜಿನಲ್ಲಿ ಮದ್ದಿನ ನೀರಿನ ಬಾಟಲಿ ಖಾಲಿಯೇ ಆಗದೆ ಉಳಿದಾಗ ಚಿದಾನಂದನಿಗೆ ಏನೂ ಅನ್ನಿಸಲಿಲ್ಲ. ಬೋಜಮ್ಮ ದಿನಕ್ಕೊಂದು ಲೋಟ ಕುಡಿಯುತ್ತಿದ್ದರು. ಮುಗಿಯುತ್ತ ಬಂದರೆ ತೋಟದ ಅಂಚಿಗೆ ಹೋಗಿ ಬಲಿತ ಸೊಪ್ಪನ್ನೇ ಕೊಯ್ದು ತಂದು ಕುದಿಸುತ್ತಿದ್ದರು. ‘ಈಗ ಅದರಲ್ಲಿ ಔಷಧ ಎಲ್ಲಿರುತ್ತೆ ಆಂಟಿ, ತಿಂಗಳು ಮುಗೀತಲ್ಲ’ ಎಂದು ಅವನು ಕಿಚಾಯಿಸಿದರೆ, ‘ನಿನಗೆಂಥ ಗೊತ್ತು, ಲ್ಯಾಬಿಗೆ ಓಡಿದವನಿಗೆ’ ಎಂದು ಬಾಯಿ ಮುಚ್ಚಿಸುತ್ತಿದ್ದರು. ಹಿತ್ತಲ ಮೆಟ್ಟಿಲ ಮೇಲೆ ಅವರು ಆಗಾಗ ಸುಮ್ಮನೆ ಕೂರುವುದನ್ನೂ ಅವನು ನೋಡಿದ್ದ. ಸೀಸನ್ ಇಲ್ಲ, ಕೆಲಸ ಕಡಿಮೆ, ಕೂತಿದ್ದಾರೆ ಎಂದುಕೊಂಡಿದ್ದ. ಮ್ಯಾನೇಜರ್ ಎಂದರೆ ಎಲ್ಲವನ್ನೂ ಗಮನಿಸುವವನು ಎಂದು ಅವನೇ ಇಂಟರ್‌ವ್ಯೂನಲ್ಲಿ ಹೇಳಿದ್ದ.

ಗಮನಿಸಿದವಳು ಶರ್ಮಿಳಾ, ರೂಮು ಕ್ಲೀನ್ ಮಾಡುವವಳು. ಮೂವತ್ತು ದಾಟಿದ, ಎರಡು ಮಕ್ಕಳ ತಾಯಿ. ಒಂದು ಬೆಳಗ್ಗೆ ಬೆಡ್‌ಶೀಟ್ ಮಡಚುತ್ತಾ ಅವನನ್ನು ಬಾಗಿಲಲ್ಲೇ ನಿಲ್ಲಿಸಿದಳು.

‘ಅಣ್ಣ, ಒಂದು ವಿಷಯ ಹೇಳ್ಬೇಕು. ಹೇಳಿದ ಮೇಲೆ ನೀವು ಕೆಂಪಗಾಗಬಾರದು.’

‘ನಾನ್ಯಾಕೆ ಕೆಂಪಗಾಗ್ಲಿ?’

‘ಈಗ್ಲೇ ಆಗ್ತಿದೀರ.’ ಅವಳು ಶೀಟನ್ನು ಮಂಚದ ಮೇಲಿಟ್ಟಳು. ‘ಬೋಜಮ್ಮಕ್ಕಂಗೆ ಬ್ಲೀಡಿಂಗ್ ಆಗ್ತಾ ಇದೆ. ಮುಟ್ಟು ನಿಂತು ವರ್ಷಗಟ್ಟಲೆ ಆದವರಿಗೆ. ಬಟ್ಟೆ ಒಗೆದು ಸ್ಟೋರ್ ರೂಮಿನ ಹಿಂದೆ ಒಣಗಿಸ್ತಾರೆ. ಕೇಳಿದ್ರೆ ಮದ್ದು ಸೊಪ್ಪಿಂದು ಅಂತಾರೆ.’

‘ಮದ್ದು ಸೊಪ್ಪಿಗೆ ಹಾಗೆ…’ ಎಂದು ಶುರು ಮಾಡಿ ಚಿದಾನಂದ ನಿಲ್ಲಿಸಿದ. ಇಡೀ ಅಮ್ಮತ್ತಿಯಲ್ಲಿ ಈ ವಿಷಯದಲ್ಲಿ ಅನುಭವಸ್ಥ ಎಂದು ಯಾರನ್ನಾದರೂ ಕರೆಯುವುದಾದರೆ ತನ್ನನ್ನೇ ಕರೆಯಬೇಕು. ಬಣ್ಣ ಒಂದೆರಡು ದಿನದ್ದು. ಅದೂ ಮೂತ್ರದ್ದು, ಬಟ್ಟೆಯದ್ದಲ್ಲ.

‘ಇದನ್ನ ನನ್ನ ಹತ್ರ ಯಾಕೆ ಹೇಳ್ತಿದೀರಿ?’

‘ಹೋಂಸ್ಟೇ ಕಾರಿನ ಕೀ ಇರೋದು ನಿಮ್ಮ ಹತ್ರ. ಮತ್ತೆ, ಅವರು ಎಲ್ಲರಿಗಿಂತ ಜಾಸ್ತಿ ಬೈಯೋದು ನಿಮ್ಮನ್ನ. ನಮ್ಮವನು ಅಂತ ಅನ್ನಿಸಿದವರಿಗೆ ತಾನೇ ಅಷ್ಟು ಬೈಯೋದು.’

ಮಧ್ಯಾಹ್ನದ ಊಟ ಮುಗಿದ ಮೇಲೆ ಚಿದಾನಂದ ಅಡುಗೆಮನೆಗೆ ಹೋಗಿ ಫ್ರಿಜ್ಜಿನಿಂದ ಬಾಟಲಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಹೇಗೆ ಮಾತು ಶುರು ಮಾಡಬೇಕೆಂದು ತಿಳಿಯದೆ, ‘ಆಂಟಿ, ಇದನ್ನ ಒಂದು ವಾರ ನಿಲ್ಲಿಸಿ ನೋಡೋಣ’ ಎಂದ.

ಬೋಜಮ್ಮ ಮೊದಲು ಅವನನ್ನು, ಆಮೇಲೆ ಬಾಗಿಲ ಬಳಿ ನಿಂತಿದ್ದ ಶರ್ಮಿಳಾಳನ್ನು ನೋಡಿದರು. ಅರ್ಥವಾಯಿತು.

‘ನಿನಗೆ ನಾಚಿಕೆ ಬೇಡವಾ ಶರ್ಮಿಳಾ, ಗಂಡು ಹುಡುಗನ ಹತ್ರ ಹೇಳೋ ವಿಷಯವಾ ಇದು?’

‘ನಿಮ್ಮ ಹತ್ರ ಹೇಳಿ ಹೇಳಿ ಸಾಕಾಯ್ತಲ್ಲ ಬೋಜಮ್ಮಕ್ಕ.’

‘ಬಾಟಲಿ ಇತ್ಲಾಗೆ ಕೊಡು’ ಎಂದರು ಬೋಜಮ್ಮ, ಚಿದಾನಂದನ ಕಡೆ ಕೈ ಚಾಚಿ. ಅವನು ಕೊಡಲಿಲ್ಲ. ಚಾಚಿದ ಕೈಯನ್ನು ಅವರು ಹಾಗೆಯೇ ಒಂದು ಗಳಿಗೆ ಇಟ್ಟುಕೊಂಡು, ಆಮೇಲೆ ಸೆರಗಿಗೆ ಒರೆಸಿಕೊಂಡರು. ದನಿ ಇಳಿಯಿತು. ‘ಅದೂ ಇಲ್ಲದಿದ್ರೆ ನಾನು ನನಗೇ ಎಂಥ ಹೇಳ್ಕೊಳ್ಳೋದು ಮಾರಾಯ?’

ಸೊಪ್ಪಿನಿಂದಲ್ಲವೆಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಕಕ್ಕಡ ಹದಿನೆಂಟರ ಮರುದಿನ ಮೂತ್ರದಲ್ಲಿ ಕಂಡ ಕೆಂಪಿಗೆ ನಕ್ಕಿದ್ದರು. ವಾರದ ಮೇಲೆ ಬಟ್ಟೆಯಲ್ಲಿ ಕಂಡಾಗ ನಗು ಬರಲಿಲ್ಲ. ಆವಾಗಿನಿಂದ ಕುಡಿಯುತ್ತಾ ಬಂದಿದ್ದು, ಸೊಪ್ಪಿಂದು ಎಂದುಕೊಳ್ಳುವ ಕಾರಣ ಮುಗಿಯದಿರಲಿ ಅಂತ.

‘ನನಗೂ ಆಗಿತ್ತು ಅಕ್ಕ’ ಎಂದಳು ಶರ್ಮಿಳಾ. ಚಿದಾನಂದ ಹೊರಗೆ ಹೋಗಲು ತಿರುಗಿದ. ‘ನೀವು ಇರಿ ಅಣ್ಣ, ಗಾಡಿ ಓಡಿಸೋರಿಗೂ ಗೊತ್ತಿರ್ಲಿ. ದೊಡ್ಡ ಮಗಳು ಹುಟ್ಟಿದ ಮೇಲೆ ಎರಡನೇ ಬಸಿರು ನಿಲ್ತಾನೇ ಇರ್ಲಿಲ್ಲ. ತಿಂಗಳ ಮಧ್ಯೆ ಮಧ್ಯೆ ರಕ್ತ ಹೋಗ್ತಿತ್ತು. ಸ್ಕ್ಯಾನಿಂಗಲ್ಲಿ ನೋಡಿ, ಗರ್ಭಕೋಶದ ಒಳಗೆ ಪಾಲಿಪ್ ಅಂದ್ರು, ಸಣ್ಣ ದುರ್ಮಾಂಸ. ತೆಗೆದ್ರು. ಮರುವರ್ಷ ಚಿಕ್ಕವನು ಹುಟ್ಟಿದ.’

ಬೋಜಮ್ಮ ಒರೆಸುವ ಬಟ್ಟೆ ಕೈಗೆತ್ತಿಕೊಂಡರು. ಆಮೇಲೆ ಅವರು ಹೇಳಿದ್ದು ತಮ್ಮ ವಿಷಯವಲ್ಲ, ಅಕ್ಕನದು.

ಅಕ್ಕ ದೇಚಮ್ಮ ಬಿಟ್ಟಂಗಾಲಕ್ಕೆ ಮದುವೆಯಾಗಿ ಹೋದವರು. ಗದ್ದೆ ನಾಟಿಯಲ್ಲಿ ಆಕೆಯ ಪಕ್ಕ ನಿಂತವರು ಸಾಲು ಮುಗಿಸುವಾಗ ಆಕೆ ತನ್ನ ಸಾಲು ಆಗಲೇ ಮುಗಿಸಿ ಬದುವಿನ ಮೇಲೆ ಕೂತು ಎಲೆಅಡಿಕೆ ಹಾಕುತ್ತಿದ್ದರಂತೆ. ನಲವತ್ತರ ಹತ್ತಿರ ರಕ್ತ ಹೋಗಲು ಶುರುವಾಯಿತು. ‘ಕರ್ಕೊಂಡು ಹೋದ್ರು, ವಾಪಸ್ ಬರುವಾಗ ಗರ್ಭಕೋಶ ಇರಲಿಲ್ಲ. ಒಳಗೆ ಎಂಥ ಇತ್ತು ಅಂತ ಅಕ್ಕನಿಗೆ ಹೇಳಿದವರಿಲ್ಲ. ಭಾವ ಸಹಿ ಹಾಕಿದ್ದು, ಅವರೂ ಕೇಳಲಿಲ್ಲ. ಅದಾದ ಮೇಲೆ ಅಕ್ಕ ಗದ್ದೆಗೆ ಇಳಿಯಲಿಲ್ಲ. ಸೊಂಟ ನೋವು ಅಂತ ಕೂತವಳು ಕೂತೇಬಿಟ್ಟಳು.’ ಬೋಜಮ್ಮ ಒಲೆಯ ಕಟ್ಟೆಯನ್ನು ಸುಮ್ಮನೆ ಒರೆಸಿದರು. ‘ನಂದು ಒಂದು ಮಗುವನ್ನೂ ಹೊರದ ಹೊಟ್ಟೆ. ಆದ್ರೂ ನಂದೇ ಅಲ್ವಾ. ತೆಗೆದು ಬಿಸಾಡಲಿಕ್ಕೆ ಹೇಗೆ ಕೊಡೋದು?’

ಚಿದಾನಂದನ ಹತ್ತಿರ ಇಂಥದಕ್ಕೆಲ್ಲ ಒಂದು ಉತ್ತರ ಇರುತ್ತಿತ್ತು, ಗೂಗಲ್‌ನಿಂದ ತೆಗೆದದ್ದು. ಅವತ್ತು ಬಾಯಿಗೆ ಬಂದದ್ದು ಇಷ್ಟೇ: ‘ತೋರಿಸೋಣ ಆಂಟಿ. ತೆಗೆಯೋದು ಬಿಡೋದು ನೀವು ಹೇಳಿದ ಹಾಗೆ. ನಾನು ಜೊತೆಗೆ ಇರ್ತೀನಿ.’

ವಿರಾಜಪೇಟೆಯ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಬೆಂಚಿನ ತುಂಬ ಹೆಂಗಸರು. ಗಂಡಸು ಎಂದರೆ ಅವನೊಬ್ಬ. ಕಾಲೇಜಿನ ವಯಸ್ಸಿನ ಹುಡುಗಿ ತಾಯಿಯ ಭುಜಕ್ಕೆ ತಲೆ ಕೊಟ್ಟು ಕೂತಿದ್ದಳು. ತೋಟಗಳಿಗೆ ಕಾಫಿ ಪಿಕಿಂಗಿಗೆ ಹೋಗುವ ಇಬ್ಬರು ಹೆಂಗಸರು ತಮಿಳಿನಲ್ಲಿ ಪಿಸುಗುಡುತ್ತಿದ್ದರು. ಊರುಗೋಲು ಹಿಡಿದ ಒಬ್ಬ ಅಜ್ಜಿ ಇದ್ದರು. ಚಿದಾನಂದ ಗೋಡೆಯ ಮೇಲಿದ್ದ ಮಗುವಿನ ಫೋಟೋವನ್ನು ಕಣ್ಣು ಕೀಳದೆ ನೋಡುತ್ತಾ ಕೂತ. ಪಕ್ಕದ ಅಜ್ಜಿ, ‘ಮೊದಲನೇದಾ ಮಗ?’ ಎಂದು ಕೇಳಿಯೂಬಿಟ್ಟರು.

ಸ್ಕ್ಯಾನಿಂಗ್ ಆದ ಮೇಲೆ ಬೋಜಮ್ಮನೇ ಅವನನ್ನು ಒಳಗೆ ಕರೆಸಿದರು. ‘ನಾನು ಮರೀತೇನೆ, ಇವನು ಕೇಳಿಸಿಕೊಳ್ಳಲಿ.’

‘ಮಗನಾ?’ ಡಾಕ್ಟರಮ್ಮ ಕೇಳಿದರು.

‘ಅಲ್ಲ, ಮ್ಯಾನೇಜರ್’ ಎಂದ ಚಿದಾನಂದ.

‘ಯಾವುದಕ್ಕೆ?’

ಅವನಿಗೂ ತಿಳಿಯಲಿಲ್ಲ. ಕ್ಲಿನಿಕ್ಕಿಗೆ ಬಂದ ಮೇಲೆ ಬೋಜಮ್ಮ ಮೊದಲ ಸಲ ನಕ್ಕರು. ಡಾಕ್ಟರಮ್ಮ ಸ್ಕ್ಯಾನಿಂಗ್ ಚಿತ್ರದ ಬೂದು ಬಣ್ಣದಲ್ಲಿ ಪೆನ್ನಿನ ತುದಿ ಇಟ್ಟು ಒಂದು ಗುರುತು ತೋರಿಸಿದರು. ಗರ್ಭಕೋಶಕ್ಕೆ ಒಳಗಿನಿಂದ ಒಂದು ಪದರ ಇರುತ್ತದೆ, ಅದರಲ್ಲಿ ಒಂದು ಕಡೆ ಹೀಗೆ ಬೆಳೆದು ತೊಟ್ಟಿಗೆ ಕಾಫಿ ಹಣ್ಣು ನೇತಾಡಿದ ಹಾಗೆ ನೇತಾಡುತ್ತದೆ, ಇದೇ ಪಾಲಿಪ್.

‘ನನಗೊಬ್ಬಳಿಗೇ ಯಾಕೆ ಬಂತು?’

‘ನಿಮಗೊಬ್ಬರಿಗೆ ಅಂತ ಯಾರು ಹೇಳಿದ್ದು? ಹೊರಗೆ ಬೆಂಚಲ್ಲಿ ಕೂತವರಲ್ಲೇ ಒಬ್ಬಿಬ್ಬರಿಗೆ ಇದ್ದೀತು. ಇಪ್ಪತ್ತರ ಹುಡುಗಿಯರಲ್ಲಿ ಅಪರೂಪ, ಆದ್ರೆ ಇಲ್ಲ ಅಂತಿಲ್ಲ. ಮೂವತ್ತು ದಾಟಿದ್ರೆ ಹೆಚ್ಚಾಗ್ತದೆ. ನಲವತ್ತು, ಐವತ್ತರ ಹತ್ತಿರದವರಲ್ಲಿ ತುಂಬ ನೋಡ್ತೇನೆ. ಮುಟ್ಟು ನಿಂತ ಮೇಲೂ ಬರ್ತದೆ.’

‘ಹತ್ತು ಜನದಲ್ಲಿ ಎಷ್ಟು ಜನಕ್ಕೆ ಮೇಡಂ?’ ಚಿದಾನಂದ ಕೇಳಿದ, ಏನಾದರೂ ಕೇಳಬೇಕಲ್ಲ ಎಂದು.

‘ಒಬ್ಬರಿಗೆ ಅನ್ನೋರಿದ್ದಾರೆ, ಮೂವರಿಗೆ ಅನ್ನೋರೂ ಇದ್ದಾರೆ. ಸರಿಯಾದ ಲೆಕ್ಕ ಸಿಗೋದು ಕಷ್ಟ. ತೊಂದರೆ ಆದವರು ಮಾತ್ರ ನಮ್ಮ ಹತ್ರ ಬರ್ತಾರೆ. ಎಷ್ಟೋ ಜನಕ್ಕೆ ಅದು ಇದೆ ಅಂತಲೇ ಗೊತ್ತಾಗಲ್ಲ, ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಕಾಣ್ತದೆ. ಇನ್ನು ತೊಂದರೆ ಆಗಿಯೂ ಬರದವರು ಇದ್ದಾರಲ್ಲ, ಅವರನ್ನ ಯಾರು ಎಣಿಸೋದು?’

ಬೋಜಮ್ಮ ಮೇಜಿನ ಅಂಚನ್ನು ನೋಡಿದರು.

‘ಹೆಚ್ಚಿನವು ಸಾಧುವೇ. ಆದ್ರೆ ಮುಟ್ಟು ನಿಂತ ಮೇಲೆ ರಕ್ತ ಕಂಡ್ರೆ, ಒಂದು ಹನಿ ಆದ್ರೂ, ಸುಮ್ಮನೆ ಕೂರಬಾರದು. ಕೆಲವರಲ್ಲಿ, ತುಂಬ ಕಡಿಮೆ ಜನರಲ್ಲಿ, ಅದರೊಳಗೆ ಕ್ಯಾನ್ಸರ್ ಇರಬಹುದು. ಹೊರಗಿಂದ ನೋಡಿ ಹೇಳಲಿಕ್ಕೆ ಆಗಲ್ಲ. ತೆಗೆದು ಟೆಸ್ಟಿಗೆ ಕಳಿಸಬೇಕು.’

‘ತೆಗೆಯೋದು ಅಂದ್ರೆ ಎಷ್ಟು?’ ಬೋಜಮ್ಮನ ದನಿ ಗಟ್ಟಿಯಾಯಿತು. ‘ಎಲ್ಲ ತೆಗೆಯೋದಾದ್ರೆ ನಾನು ಈಗಲೇ ಎದ್ದು ಹೋಗ್ತೇನೆ.’

‘ಇದಿಷ್ಟೇ. ಸಣ್ಣ ಕ್ಯಾಮೆರಾ ಒಳಗೆ ಬಿಟ್ಟು ಇದನ್ನ ಮಾತ್ರ ಕತ್ತರಿಸೋದು, ಹೊಟ್ಟೆ ಕೊಯ್ಯೋದಿಲ್ಲ. ನಿಮ್ಮನ್ನ ಕೇಳದೆ ಬೇರೆ ಏನೂ ಮುಟ್ಟಲ್ಲ. ಆದ್ರೆ ಬೋಜಮ್ಮ, ರಿಪೋರ್ಟು ಕೆಟ್ಟದು ಬಂದ್ರೆ ಆಗ ಪೂರ್ತಿ ತೆಗೆಯೋ ಮಾತು ಬರ್ತದೆ. ಆಗಲೂ ನಿಮ್ಮ ಹತ್ರವೇ ಕೂತು ಮಾತಾಡ್ತೇನೆ. ಅದನ್ನ ಈಗ ಮುಚ್ಚಿಡಲ್ಲ.’

ಗಾಡಿ ಹತ್ತಿದ ಮೇಲೆ ಬೋಜಮ್ಮ ಹೇಳಿದರು, ‘ಮುಚ್ಚಿಡಲಿಲ್ಲ ನೋಡು. ಅದಕ್ಕೇ ಒಪ್ಪಿದ್ದು.’

ಮಡಿಕೇರಿಯ ಆಸ್ಪತ್ರೆಯಲ್ಲಿ ಅದು ಮುಗಿಯಿತು. ಬೆಳಗ್ಗೆ ಒಳಗೆ ಹೋದವರು ಸಂಜೆ ಶರ್ಮಿಳಾಳ ಕೈ ಹಿಡಿದು ನಡೆದೇ ಬಂದರು. ನಿಜವಾದ ಕಷ್ಟ ಆಮೇಲಿನದು, ರಿಪೋರ್ಟಿಗೆ ಕಾಯುವುದು. ಆ ದಿನಗಳಲ್ಲಿ ಬೋಜಮ್ಮ ಯಾರ ಮೇಲೂ ರೇಗಲಿಲ್ಲ. ಚಿದಾನಂದನಿಗೆ ಅದೇ ಹೆಚ್ಚು ಭಯ ತಂದಿತು. ಬೇಕೆಂದೇ ಕೊತ್ತಂಬರಿ ಕಟ್ಟನ್ನು ಮರೆತು ಬಂದ, ಬೈಯಲಿ ಎಂದು. ‘ಇರಲಿ ಬಿಡು ಕುಂಞಿ’ ಎಂದರು, ಮಗುವಿಗೆ ಹೇಳುವ ಹಾಗೆ. ಒಂದು ಸಂಜೆ ಅವರು ಚಮಚದಲ್ಲಿ ಸಾರು ತೆಗೆದು, ಊದಿ, ಬಾಯಿಗೆ ಹಾಕಿ ಉಪ್ಪು ನೋಡುವುದನ್ನು ಕಂಡ. ಕಂಡರೂ ಕಾಣದವನಂತೆ ಹೊರಗೆ ಹೋಗಿ, ಉರಿಯುತ್ತಿದ್ದ ಬಲ್ಬನ್ನು ಬಿಚ್ಚಿ ಮತ್ತೆ ಹಾಕಿದ.

ಆ ದಿನಗಳಲ್ಲೇ ಇನ್ನೊಂದೂ ನಡೆಯಿತು. ಬೋಜಮ್ಮ ಆಸ್ಪತ್ರೆಗೆ ಹೋಗಿಬಂದದ್ದು ತೋಟದ ಕೂಲಿಯವರ ಲೈನ್‌ಮನೆಗಳಿಗೆ ಮುಟ್ಟಿ, ಹಿತ್ತಲ ಬಾಗಿಲಿಗೆ ಹೆಂಗಸರು ಬರತೊಡಗಿದರು. ಒಬ್ಬಳು ಕರಿಬೇವು ಕೇಳಲು, ಒಬ್ಬಳು ಹೆಪ್ಪಿಗೆ ಮಜ್ಜಿಗೆ ಕೇಳಲು. ಕೇಳಿ ಮುಗಿದ ಮೇಲೂ ಹೋಗುತ್ತಿರಲಿಲ್ಲ. ‘ನನಗೆ ಎರಡು ವರ್ಷದ ಹಿಂದೆ ತೆಗೆದ್ರು, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.’ ‘ನನಗೆ ಇದೆ ಅಂದ್ರು, ತೊಂದರೆ ಇಲ್ಲ, ನೋಡ್ತಾ ಇರೋಣ ಅಂದ್ರು.’ ‘ನಮ್ಮತ್ತೆಗೆ ಎಪ್ಪತ್ತರಲ್ಲಿ.’ ಚಿದಾನಂದ ಊಟದ ಕೋಣೆಯಲ್ಲಿ ತಟ್ಟೆ ಜೋಡಿಸುತ್ತಾ ಅರ್ಧಂಬರ್ಧ ಕೇಳಿಸಿಕೊಂಡ. ಇಷ್ಟು ಜನ ಒಂದೇ ದಾರಿಯಲ್ಲಿ ದಿನಾ ಎದುರುಬದುರು ನಡೆದು, ಮಳೆ, ಮೆಣಸು, ಮಕ್ಕಳ ಪರೀಕ್ಷೆ ಎಲ್ಲ ಮಾತಾಡಿ, ಇದೊಂದನ್ನು ಮಾತ್ರ ಒಬ್ಬೊಬ್ಬರೇ ಹೊತ್ತಿದ್ದರು. ಅವನ ತಲೆನೋವು, ಶೀತ, ಕೆಟ್ಟ ಹೊಟ್ಟೆ ಎಲ್ಲವೂ ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹೋಗುತ್ತಿದ್ದವು.

ರಿಪೋರ್ಟು ಬಂದ ದಿನ ಡಾಕ್ಟರಮ್ಮ ಸುತ್ತಿ ಬಳಸಲಿಲ್ಲ. ‘ಏನೂ ಕೆಟ್ಟದ್ದಿಲ್ಲ. ಬರೀ ಪಾಲಿಪ್. ಮತ್ತೆ ರಕ್ತ ಕಂಡ್ರೆ ಮಾತ್ರ ಕೂಡಲೇ ಬರಬೇಕು.’

ಚಿದಾನಂದ ಕುರ್ಚಿಗೆ ಒರಗಿದ. ಬೋಜಮ್ಮ ಒರಗಲಿಲ್ಲ.

‘ನನ್ನ ಅಕ್ಕನಿಗೂ ಇದೇ ಇತ್ತಾ ಡಾಕ್ಟರೇ? ಪೂರ್ತಿ ತೆಗೆದಿದ್ದು ಇಷ್ಟಕ್ಕೇನಾ?’

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ‘ಇದ್ದಿರಬಹುದು. ಬೇರೆ ಏನೋ ಇದ್ದಿರಲೂಬಹುದು, ತೆಗೆಯಲೇಬೇಕಾದದ್ದು. ಆಗೆಲ್ಲ ಹೀಗೆ ಒಳಗೆ ನೋಡೋ ಸೌಕರ್ಯ ಎಲ್ಲ ಕಡೆ ಇರಲಿಲ್ಲ. ಈಗ ನಾನು ಹೇಳೋದು ಬರೀ ಊಹೆ ಆಗ್ತದೆ.’

ಹೊರಗೆ ಬಂದು ಬೋಜಮ್ಮ, ‘ಗಾಡಿ ಬಿಟ್ಟಂಗಾಲಕ್ಕೆ ತಿರುಗಿಸು’ ಎಂದರು. ಅರ್ಧ ದಾರಿ ಆದ ಮೇಲೆ ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದರು, ‘ನಂದೂ ಎಲ್ಲ ತೆಗೆದ್ರು ಅಂತ ಹೇಳಿಬಿಡಲಾ?’

‘ಯಾಕೆ ಆಂಟಿ?’

‘ನಂದು ಉಳೀತು ಅಂತ ಅವಳ ಮುಂದೆ ಹೇಗೆ ಹೇಳೋದು. ಇಷ್ಟು ವರ್ಷ ಆದ ಮೇಲೆ, ಸುಮ್ಮನೆ ಹೋಯ್ತೇನೋ ಅಂತ ಅವಳಿಗೆ ಅನ್ನಿಸಿದ್ರೆ?’

ಸಲಹೆ ಕೊಡುವುದರಲ್ಲಿ ಯಾವತ್ತೂ ಹಿಂದೆ ಬೀಳದ ಚಿದಾನಂದ ಗೇರು ಬದಲಿಸಿದ, ಅಷ್ಟೇ.

ದೇಚಮ್ಮ ಜಗಲಿಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ಆಸ್ಪತ್ರೆಯ ಸುದ್ದಿ ಅವರಿಗೂ ಮುಟ್ಟಿತ್ತು. ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುಖ ನೋಡಿದರು. ಅಕ್ಕತಂಗಿಯರ ಮನೆಮಾತು ಕೊಡವ ತಕ್ಕ್ ಚಿದಾನಂದನಿಗೆ ಅರ್ಧವೇ ಅರ್ಥವಾಗುವುದು. ಈ ಪ್ರಶ್ನೆ ಪೂರ್ತಿ ಅರ್ಥವಾಯಿತು.

‘ಎಷ್ಟು ತೆಗೆದ್ರು?’

ಬೋಜಮ್ಮ ಕಿರುಬೆರಳಿನ ತುದಿ ಹಿಡಿದು ತೋರಿಸಿದರು.

‘ಇಷ್ಟು.’

‘ಮಿಕ್ಕಿದ್ದು?’

‘ಇದೆ ಅಕ್ಕ.’

ದೇಚಮ್ಮ ಮೊರವನ್ನು ಪಕ್ಕಕ್ಕಿಟ್ಟರು. ಅವರ ಕಣ್ಣು ಅಂಗಳ ದಾಟಿ ಗದ್ದೆಯ ಕಡೆ ಹೋಗಿ ಅಲ್ಲೇ ನಿಂತಿತು. ಆಮೇಲೆ ಕೈ ಚಾಚಿ ತಂಗಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟರು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ.

‘ನಂದು ಎಂಥ ಇತ್ತು ಅಂತ ಇವತ್ತಿಗೂ ಗೊತ್ತಿಲ್ಲ. ಕೇಳಬಹುದು ಅಂತಲೇ ನನಗೆ ಹೊಳೆದಿರಲಿಲ್ಲ ಬೋಜಿ. ನೀನು ಕೇಳಿದ್ಯಲ್ಲ.’

ಬೋಜಮ್ಮ ಅಕ್ಕನ ಕೈಯ ಮೇಲೆ ತಮ್ಮ ಕೈ ಇಟ್ಟರು. ಅಷ್ಟರಲ್ಲಿ ದೇಚಮ್ಮನ ಸೊಸೆ ಪ್ರಿಯಾ ಕಾಫಿ ತಂದಿಟ್ಟು ಒಳಗೆ ತಿರುಗಿದಳು. ಮೂವತ್ತೈದರ ಆಸುಪಾಸಿನವಳು, ಗಡಿಬಿಡಿಯ ನಡಿಗೆ. ದೇಚಮ್ಮ ಅವಳ ಸೀರೆಯ ತುದಿ ಹಿಡಿದು ನಿಲ್ಲಿಸಿದರು.

‘ಮೊನ್ನೆ ನನಗೆ ಅರ್ಧ ಹೇಳಿ ನಿಲ್ಲಿಸಿದೆಯಲ್ಲ, ಅದನ್ನ ಇವಳ ಹತ್ರ ಪೂರ್ತಿ ಹೇಳು. ಕೂತ್ಕೋ.’

ಪ್ರಿಯಾ ಚಿದಾನಂದನನ್ನು ನೋಡಿದಳು. ಉಳಿದಿಬ್ಬರೂ ನೋಡಿದರು.

‘ಮ್ಯಾನೇಜರೇ, ನೀನು ಕಾಫಿ ತಗೊಂಡು ಅಂಗಳದಲ್ಲಿ ಕೂರು’ ಎಂದರು ಬೋಜಮ್ಮ. ದನಿಯಲ್ಲಿ ಹಳೆಯ ಗದರಿಕೆ ಮರಳಿ ಬಂದಿತ್ತು.

ಅವನು ಲೋಟ ಎತ್ತಿಕೊಂಡು ಹೋಗಿ ತುಳಸಿಯ ಆಚೆ ಒಂದು ಕಲ್ಲಿನ ಮೇಲೆ ಕೂತ. ಜಗಲಿಯಿಂದ ಮೂವರ ದನಿ ತಗ್ಗಿ, ಏರಿ, ಮತ್ತೆ ತಗ್ಗಿ ಬರುತ್ತಿತ್ತು. ನಡುವೆ ಒಮ್ಮೆ ಯಾರೋ ಮೂಗು ಸೀಟಿದರು. ಒಮ್ಮೆ ಮೂವರೂ ನಕ್ಕರು. ತನ್ನನ್ನು ಕುರಿತೇ ಇರಬೇಕೆಂದು ಅವನು ಕಾಫಿ ಹೀರಿದ. ತಣ್ಣಗಾಗಿತ್ತು.

ಹೊರಡುವ ಹೊತ್ತಿಗೆ ಪ್ರಿಯಾ ಗಾಡಿಯವರೆಗೆ ಬಂದಳು. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಗಾಡಿಯ ಚಕ್ರ ನೋಡುತ್ತಾ ಕೇಳಿದಳು, ‘ಅಣ್ಣ, ಗುರುವಾರ ನಿಮ್ಮ ಗಾಡಿ ಖಾಲಿ ಇರ್ತದಾ? ವಿರಾಜಪೇಟೆಗೆ ಹೋಗ್ಬೇಕಿತ್ತು.’

ಗುರುವಾರ ಮೈಸೂರಿನ ಒಂದು ದೊಡ್ಡ ಗುಂಪು ಬರುವುದಿತ್ತು. ಬೋಜಮ್ಮ ಮುಂದಿನ ಸೀಟಿನಲ್ಲಿ ಕೂತು ನೇರ ಎದುರಿಗೆ ನೋಡುತ್ತಿದ್ದರು. ಚಿದಾನಂದ ಯಾಕೆ ಎಂದು ಕೇಳಲಿಲ್ಲ.

‘ಡಾಕ್ಟರಮ್ಮ ಬೆಳಗ್ಗೆಯೇ ಕೂರ್ತಾರೆ’ ಎಂದ. ‘ಎಷ್ಟು ಹೊತ್ತಿಗೆ ಬರಲಿ?’